ಆರಾಮ ಎಂಬ ಸುಳ್ಳೂ ನಮ್ಮ ಶಾಲೆಯ ಬ್ಲಾಗೂ

ಯಾರಾದರೂ ಎದುರಿಗೆ ಬಂದು “ಆರಾಮ ಇದ್ದೀರಿ?” ಎಂದರೆ ಸಾಕು, ನನ್ನ ಬಾಯಿ ನನ್ನನ್ನು ಒಂದು ಮಾತೂ ಕೇಳದೆ “ಆರಾಮರಿ” ಅಂದುಬಿಡುತ್ತದೆ. ಒಮ್ಮೆ ಜ್ವರ ಬಂದು ಮೈ ಕಾದ ಹೆಂಚಾಗಿತ್ತು. ಬೀದರಿನ ದವಾಖಾನೆಯಲ್ಲಿ ಡಾಕ್ಟರರು ಸ್ಟೆತಾಸ್ಕೋಪನ್ನು ಕಿವಿಗೆ ಸಿಕ್ಕಿಸಿಕೊಳ್ಳುತ್ತಾ, “ಹ್ಯಾಂಗಿದ್ದೀರಿ ಟೀಚರ್?” ಎಂದರು. “ಆರಾಮರಿ” ಎಂದೆ. ಅವರು ಸ್ಟೆತಾಸ್ಕೋಪನ್ನು ಮೇಜಿನ ಮೇಲಿಟ್ಟು, “ಹಂಗಾದ್ರ ಮನಿಗಿ ಹೋಗ್ರಿ, ಇಲ್ಲಿಗಿ ಯಾಕ ಬಂದೀರಿ?” ಎಂದರು. ಹಿಂದೆ ಕುಳಿತಿದ್ದ ರೋಗಿಗಳೆಲ್ಲ ನಕ್ಕರು. ಅವರೂ ಹೊರಗಿನ ಬೆಂಚಿನಲ್ಲಿ ಒಬ್ಬರಿಗೊಬ್ಬರು ಆರಾಮ ಎಂದು ಹೇಳಿಕೊಂಡೇ ಒಳಗೆ ಬಂದವರು.

ನಗೆಯ ಮಾತು, ಒಪ್ಪಿದೆ. ಆದರೆ ಇದೇ ಆರಾಮದ ದೆಸೆಯಿಂದ ಒಂದು ವರ್ಷ ನನ್ನ ತರಗತಿಯ ಹುಡುಗಿಯೊಬ್ಬಳು ಶಾಲೆ ಬಿಡುವ ಹೊತ್ತು ಬಂದಿತ್ತು. ಅವಳು ಉಳಿಯುತ್ತಾಳೋ ಹೋಗುತ್ತಾಳೋ ಗೊತ್ತಾಗುವ ತನಕ ನನಗೆ ಉಂಡ ಅನ್ನದ ರುಚಿ ತಿಳಿಯಲಿಲ್ಲ. ಆ ಕಥೆಯನ್ನು ನಿಮಗೆ ಹೇಳಬೇಕು. ನೇರವಾಗಿ ಹೇಳುವುದು ನನಗೆ ಬರುವುದಿಲ್ಲ. ಭಾಲ್ಕಿಯ ಹೆಣ್ಣುಮಗಳು ನಾನು, ಬಾಜಾರಕ್ಕೆ ಹೋಗುವಾಗಲೂ ನಾಲ್ಕು ಮನೆ ಹೊಕ್ಕು ಹೋಗುವ ಅಭ್ಯಾಸ.

ಮೊದಲು ಈ ಶಬ್ದದ ವಿಚಾರ. ಬೀದರಿನಿಂದ ಔರಾದಿಗೆ ಹೋಗುವ ಬೆಳಗಿನ ಬಸ್ಸಿನಲ್ಲಿ ನಮ್ಮದೊಂದು ಮಾಸ್ತರ ಮಂಡಳಿ ಇತ್ತು. ಅದರಲ್ಲಿ ಉರ್ದು ಶಾಲೆಯ ಮಾಸ್ತರರು, ‘ಆರಾಮ’ ಬಹಮನಿ ಸುಲ್ತಾನರ ಕಾಲಕ್ಕೆ ಪಾರಸಿ ದೇಶದಿಂದ ಕುದುರೆ ಏರಿ ಬಂದ ಶಬ್ದ ಎಂದು ವಾದಿಸುತ್ತಿದ್ದರು. ಕನ್ನಡ ಪಂಡಿತರು ಬಿಡುತ್ತಿರಲಿಲ್ಲ. ಆರಾಮವೆಂದರೆ ಸಂಸ್ಕೃತದಲ್ಲಿ ಉದ್ಯಾನ, ಬೌದ್ಧ ಭಿಕ್ಷುಗಳು ವಾಸವಿದ್ದದ್ದು ಸಂಘಾರಾಮದಲ್ಲಿ, ಸುಲ್ತಾನರ ಮುತ್ತಜ್ಜ ಹುಟ್ಟುವ ಮೊದಲೇ ಈ ಶಬ್ದ ಇಲ್ಲಿ ಗಿಡ ನೆಟ್ಟು ಕುಳಿತಿತ್ತು ಎನ್ನುತ್ತಿದ್ದರು. ಜಗಳ ಔರಾದ ಬಸ್ ನಿಲ್ದಾಣದ ತನಕ ನಡೆಯುತ್ತಿತ್ತು. ಇಳಿಯುವಾಗ ಇಬ್ಬರೂ ಕೈ ಜೋಡಿಸಿ “ಆರಾಮರಿ?” “ಆರಾಮ, ಆರಾಮ” ಎಂದು ಬೀಳ್ಕೊಡುತ್ತಿದ್ದರು. ಒಬ್ಬರಿಗೆ ಸಕ್ಕರೆ ಕಾಯಿಲೆ, ಇನ್ನೊಬ್ಬರ ಮಗಳ ಲಗ್ನ ಮುರಿದಿತ್ತು. ಶಬ್ದ ಎಲ್ಲಿಂದ ಬಂತು ಎಂದು ಅಷ್ಟು ಹೊಡೆದಾಡುವವರು, ಅದು ಖರೇ ಹೌದೋ ಅಲ್ಲವೋ ಎಂದು ಒಂದು ದಿನವೂ ಕೇಳಿಕೊಂಡವರಲ್ಲ.

ನಮ್ಮ ಹಿರಿಯರು ಕಾಗದ ಬರೆಯುವಾಗಲೂ ಹೀಗೇ. “ಇತ್ತ ಕಡೆ ಎಲ್ಲರೂ ಕ್ಷೇಮ, ನಿಮ್ಮ ಕ್ಷೇಮಕ್ಕೆ ಬರೆಯಿರಿ” ಎಂದು ಶುರು ಮಾಡಿ, ಎರಡನೇ ಸಾಲಿನಲ್ಲಿ “ಅಜ್ಜ ತೀರಿಕೊಂಡರು” ಎಂದು ಬರೆಯುತ್ತಿದ್ದರು. ಎಲ್ಲರೂ ಕ್ಷೇಮವಾಗಿರುವಾಗ ಅಜ್ಜ ಯಾಕೆ ತೀರಿಕೊಂಡ ಎಂದು ನಾನು ಸಣ್ಣವಳಿದ್ದಾಗ ಕೇಳಿ ಬೈಸಿಕೊಂಡಿದ್ದೆ.

ನಾನು ಹೇಳುತ್ತಿರುವುದು ಬರಗಾಲದ ವರ್ಷಗಳ ಮಾತು. ಮಾಂಜ್ರಾ ನದಿಯ ಪಾತ್ರದಲ್ಲಿ ಹುಡುಗರು ಸ್ಟಂಪು ನೆಟ್ಟು ಕ್ರಿಕೆಟ್ ಆಡುತ್ತಿದ್ದರು. ನನ್ನ ಶಾಲೆ ಎಕಂಬಾದ ಹಾದಿಯಲ್ಲಿರುವ ಒಂದು ಸಣ್ಣ ಊರಿನಲ್ಲಿ. ದೀಪಾವಳಿ ಮುಗಿಯುತ್ತಲೇ ಮನೆಗಳಿಗೆ ಬೀಗ ಬೀಳತೊಡಗಿತು. ಕೆಲವರು ಕಬ್ಬು ಕಡಿಯಲು ಮಹಾರಾಷ್ಟ್ರದ ಕಡೆ, ಹೆಚ್ಚಿನವರು ಹೈದರಾಬಾದಿಗೆ, ಕಟ್ಟಡದ ಕೆಲಸಕ್ಕೆ. ಮಕ್ಕಳನ್ನು ಕರೆದುಕೊಂಡು ಹೋದವರ ಬೆಂಚುಗಳು ಖಾಲಿಯಾದವು. ಆಯಿಯ, ಅಂದರೆ ಅಜ್ಜಿಯ, ಬಳಿ ಬಿಟ್ಟುಹೋದವರ ಮಕ್ಕಳು ಮಾತ್ರ ಉಳಿದರು. ಒಮ್ಮೆ ಹೋದ ಮಗು ಮರಳಿ ಬಂದದ್ದನ್ನು ನಾನು ಕಂಡದ್ದು ಕಡಿಮೆ. ಬಂದರೂ ಓದು ಮರೆತು, ಕೈಯಲ್ಲಿ ಗುಳ್ಳೆ ಇಟ್ಟುಕೊಂಡು ಬಂದು, ತನಗಿಂತ ಚಿಕ್ಕವರ ನಡುವೆ ಕೂರಲು ನಾಚಿ ಮತ್ತೆ ಹೋಗಿಬಿಡುತ್ತಿತ್ತು. ಹಾಗಾಗಿ ಹಾಜರಿ ಕರೆಯುವಾಗ ಪ್ರತಿ ಹೆಸರಿಗೂ “ಹಾಜರ್ರೀ” ಎಂಬ ದನಿ ಬರುವ ತನಕ ನಾನು ಮುಂದಿನ ಹೆಸರಿಗೆ ಹೋಗುತ್ತಿರಲಿಲ್ಲ.

ಉಳಿದ ಮಕ್ಕಳಿಗೆ ವಾರಕ್ಕೊಮ್ಮೆ ಫೋನು ಬರುತ್ತಿತ್ತು. ಆ ಫೋನಿನ ಮಾತು ಒಂದು ಮಂತ್ರದ ಹಾಗೆ. “ಆರಾಮ?” “ಆರಾಮ.” “ಉಂಡಿ?” “ಉಂಡೆ.” “ಆಯಿ?” “ಆರಾಮ.” “ಇಡ್ತೇನಿ.” ದೂರ ದುಡಿಯಲು ಹೋದವರಿಗೆ ಕೆಟ್ಟ ಸುದ್ದಿ ಮುಟ್ಟಿಸಬಾರದು ಎಂಬುದು ಆ ಊರಿನ ಕಟ್ಟಳೆ. ಮನೆಯವರೂ ಹೇಳುವುದಿಲ್ಲ, ಹೋದವರೂ ಹೇಳುವುದಿಲ್ಲ. ಕರೆನ್ಸಿ ಮುಗಿಯುತ್ತದೆ ಎಂದು ಮಾತು ಬೇಗ ಮುಗಿಸುತ್ತಾರೆ ಅಂತ ನಾನು ಮೊದಲು ತಿಳಿದಿದ್ದೆ. ಆಮೇಲೆ ಗೊತ್ತಾಯಿತು, ಇನ್ನೂ ನಾಲ್ಕು ಮಾತು ಆಡಿದರೆ ಖರೇ ಮಾತು ಬಾಯಿಂದ ಜಾರುತ್ತದೆ ಎಂಬ ಹೆದರಿಕೆ.

ಇಂಥ ಹೊತ್ತಿನಲ್ಲಿ ನನಗೆ ಬ್ಲಾಗಿನ ಹುಚ್ಚು ಹಿಡಿಯಿತು. ಬೀದರಿನಲ್ಲಿ ನಡೆದ ಒಂದು ತರಬೇತಿಯಲ್ಲಿ, ಪ್ರಾಥಮಿಕ ಶಾಲೆಯ ಮಕ್ಕಳಿಂದ ಬ್ಲಾಗ್ ಬರೆಸುವುದು ಹೇಗೆ ಎಂದು ಹೇಳಿಕೊಟ್ಟರು. ಊಟ ಚೆನ್ನಾಗಿತ್ತು, ಮಾತೂ ಚೆನ್ನಾಗಿತ್ತು. ಪ್ರತಿ ಮಗುವಿನ ಮುಂದೆ ಒಂದು ಕಂಪ್ಯೂಟರ್ ಇರಲಿ ಎಂದು ಮೊದಲನೇ ಚಿತ್ರದಲ್ಲೇ ತೋರಿಸಿದರು. ನಮ್ಮ ಶಾಲೆಯಲ್ಲಿ ಒಂದೇ ಒಂದು ಕಂಪ್ಯೂಟರ್ ಇತ್ತು. ಅದಕ್ಕೆ ಹೂವಿನ ಚಿತ್ತಾರದ ಬಟ್ಟೆ ಹೊದಿಸಿ, ಹೆಡ್ ಮಾಸ್ತರರು ಹಬ್ಬಕ್ಕೊಮ್ಮೆ ಕುಂಕುಮ ಹಚ್ಚುತ್ತಿದ್ದರು.

ನಾನು ಬಿಡಲಿಲ್ಲ. ಮಕ್ಕಳಿಗೆ ಬ್ಲಾಗ್ ಎಂದರೇನು ಎಂದು ಹೇಗೆ ಹೇಳುವುದು? “ನಮ್ಮೂರಾಗ ಮಂದಿ ಕಟ್ಟಿ ಮ್ಯಾಲ ಕುಂತು ಮಾತಾಡ್ತಾರಲ್ಲ, ಹಂಗ. ಆದ್ರ ಈ ಕಟ್ಟಿ ಭಾಳ ದೊಡ್ಡದು. ಹೈದರಾಬಾದಿನವರೂ ಬಂದು ಕುಂದ್ರಬಹುದು” ಎಂದೆ. ಹೈದರಾಬಾದು ಎಂದದ್ದೇ ತಡ, ಐದನೇ ತರಗತಿ ಪೂರಾ ನೆಟ್ಟಗೆ ಕುಳಿತಿತು. ಬ್ಲಾಗಿಗೆ ‘ನಮ್ಮ ಕಟ್ಟಿ’ ಎಂದೇ ಹೆಸರಿಟ್ಟೆವು. ಮಕ್ಕಳ ನಿಜವಾದ ಹೆಸರು ಹಾಕಬಾರದು ಎಂದು ತರಬೇತಿಯಲ್ಲಿ ಹೇಳಿದ್ದರು. ಹಾಗಾಗಿ ಎಲ್ಲರೂ ಒಂದೊಂದು ಕಾಳಿನ ಹೆಸರು ಆರಿಸಿಕೊಂಡರು: ತೊಗರಿ, ಹೆಸರು, ಉದ್ದು, ಸಜ್ಜಿ. ಸುಜಾತಾ ಎಂಬ ಹುಡುಗಿ ‘ಕುಸುಬಿ’ ಎಂದಳು. “ಅದಕ್ಕ ಮುಳ್ಳು ಇರ್ತಾವ್ರಿ, ದನ ಬಾಯಿ ಹಾಕಲ್ಲ” ಎಂದು ಕಾರಣವನ್ನೂ ಕೊಟ್ಟಳು.

ಕೆಲಸ ನಡೆಯುತ್ತಿದ್ದದ್ದು ಹೀಗೆ. ಮಕ್ಕಳು ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸುವರು. ಬರೆದವರು ನಿಂತು ಓದುವರು. ಉಳಿದವರು ಒಂದು ಮೆಚ್ಚುಗೆ ಹೇಳಬೇಕು, ಒಂದು ಪ್ರಶ್ನೆ ಕೇಳಬೇಕು. ಕೊನೆಗೆ ಒಳ್ಳೆಯದೊಂದನ್ನು ಆರಿಸಿ ನಾನು ಮಾಳಿಗೆ ಹತ್ತಿ, ನನ್ನ ಮೊಬೈಲಿನಲ್ಲಿ ಒತ್ತಿ ಒತ್ತಿ ಏರಿಸುವುದು. ನಮ್ಮ ಊರು ಗಡಿಯ ಹತ್ತಿರ. ಮಾಳಿಗೆಯ ಒಂದು ಮೂಲೆಯಲ್ಲಿ ಸಿಗ್ನಲ್ ಇತ್ತು. ಅಲ್ಲಿಂದ ಎರಡು ಹೆಜ್ಜೆ ಸರಿದರೆ ಮೊಬೈಲು ‘ಮಹಾರಾಷ್ಟ್ರಕ್ಕೆ ಸ್ವಾಗತ’ ಎನ್ನುತ್ತಿತ್ತು. ಹೀಗೆ ನಾನು ಆ ವರ್ಷ ದಿನಾಲೂ ಪರರಾಜ್ಯಕ್ಕೆ ಹೋಗಿ ಬಂದೆ.

ಮೊದಮೊದಲು ಬಂದ ಬರಹಗಳನ್ನು ನೋಡಿ ತಲೆ ಚಚ್ಚಿಕೊಂಡೆ. “ನಮ್ಮ ಊರು ಸುಂದರವಾಗಿದೆ. ನದಿಯು ತುಂಬಿ ಹರಿಯುತ್ತದೆ. ಜನರು ಸಂತೋಷದಿಂದ ಇರುತ್ತಾರೆ.” ಎಲ್ಲರದೂ ಇದೇ. ಟ್ಯಾಂಕರಿನ ಮುಂದೆ ಕೊಡ ಇಟ್ಟು ಬಂದ ಹುಡುಗ ತುಂಬಿ ಹರಿಯುವ ನದಿಯ ಬಗ್ಗೆ ಬರೆದಿದ್ದ! ಬೈಯಲು ಬಾಯಿ ತೆರೆದೆ, ಮುಚ್ಚಿಕೊಂಡೆ. ಪ್ರಬಂಧ ಹೀಗೇ ಬರೆಯಬೇಕು ಎಂದು ಹೇಳಿಕೊಟ್ಟವರು ನಾವೇ ಅಲ್ಲವೆ? ಕಾಗದದ ಮೇಲೆ ಆರಾಮ ಹೇಳುವುದನ್ನು ಕಲಿಸುವುದಕ್ಕೇ ಶಾಲೆ ಇದೆಯೇನೋ ಅನ್ನಿಸಿತು. ಮರುದಿನ ಬೋರ್ಡಿನ ಮೇಲೆ ದೊಡ್ಡದಾಗಿ ಬರೆದೆ: ‘ಕಣ್ಣಿಲೆ ಕಂಡದ್ದು ಬರಿ. ಪುಸ್ತಕದಾಗ ಇದ್ದದ್ದು ಬ್ಯಾಡ.’

ಆಗ ಬಂತು ನೋಡಿ ಕುಸುಬಿಯ ಬರಹ. ಸುಜಾತಾಳ ಅಪ್ಪ ಮಾಣಿಕ, ಅವ್ವ ಪದ್ಮಿನಿ ಇಬ್ಬರೂ ಹೈದರಾಬಾದಿನಲ್ಲಿ ಕಟ್ಟಡದ ಕೆಲಸಕ್ಕೆ ಹೋಗಿದ್ದರು. ಅವಳು ಆಯಿಯ ಜೊತೆ ಇದ್ದಳು. ಆಯಿ ಎಂದರೆ ಅಪ್ಪನ ತಾಯಿ ಶೇವಂತಾಬಾಯಿ. ಹುಡುಗಿಯನ್ನು ನಾನು ನೋಡಿಕೊಳ್ಳುತ್ತೇನೆ, ಸಾಲಿ ಬಿಡಿಸಬ್ಯಾಡ್ರಿ ಎಂದು ಮಗನ ಮುಂದೆ ಹಟ ಹಿಡಿದು ಉಳಿಸಿಕೊಂಡಿದ್ದಳು. ಸುಜಾತಾ ನಿಂತು ಓದಿದಳು:

“ನಾ ಈ ವಾರ ರೊಟ್ಟಿ ಬಡೀಲಿಕ್ಕೆ ಕಲಿತೆ. ಮೊದಲ್ನೇ ರೊಟ್ಟಿ ಹರೀತು. ಎರಡನೇದೂ ಹರೀತು. ಮೂರನೇದು ಹೆಂಚಿಗಿ ಹೋಗೋದ್ರಾಗ ಮಡಚಿಕೊಂಡು ಮಲಗಿತು. ಆಯಿ ಹೊರಸಿನ ಮ್ಯಾಲಿಂದ ತಿರುವು, ನೀರು ಹಚ್ಚು ಅಂತಾಳ. ಎಡಗೈಲೆ ತೋರಸ್ತಾಳ. ಬಲಗೈ ಸುಮ್ಮನ ಕುಂತದ. ನಾ ರೊಟ್ಟಿ ಬಡದ್ರ ಸಪ್ಪಳಕ್ಕ ಬೆಕ್ಕು ಓಡಿ ಹೋಗ್ತದ. ಆಯಿ ಬಡದ್ರ ಬೆಕ್ಕು ಓಡಿ ಬರ್ತಿತ್ತು.”

ತರಗತಿ ಬಿದ್ದು ಬಿದ್ದು ನಕ್ಕಿತು. ನಾನಂತೂ ಕುಣಿಯುವುದೊಂದು ಬಾಕಿ. ಇದಲ್ಲವೆ ಬರಹ! ಮೆಚ್ಚುಗೆಗೆ ಎಲ್ಲರ ಕೈ ಮೇಲೆ. ಪ್ರಶ್ನೆಯೂ ಎಲ್ಲರದು ಒಂದೇ: ಬೆಕ್ಕಿನ ಹೆಸರೇನು? ಸುಜಾತಾ ಬೆಕ್ಕಿನ ಹೆಸರು ಹೇಳಿ ಕುಳಿತಳು. ನಾನು ಮಾಳಿಗೆ ಹತ್ತಿ, ಎರಡು ಒತ್ತಕ್ಷರ ತಿದ್ದಿ ಬ್ಲಾಗಿಗೆ ಏರಿಸಿ, ಸಂಜೆ ಬಸ್ಸಿನಲ್ಲಿ ಪಂಡಿತರಿಗೂ ಉರ್ದು ಮಾಸ್ತರರಿಗೂ ಓದಿ ತೋರಿಸಿದೆ. ಅವರೂ ಬೆಕ್ಕಿಗೇ ತಲೆದೂಗಿದರು.

ಹೈದರಾಬಾದಿನಲ್ಲಿ ನಮ್ಮ ಕಡೆಯವರು ಕೆಲಸ ಮಾಡುವಲ್ಲಿ ಕಮಠಾಣದ ಒಬ್ಬ ಹುಡುಗನಿದ್ದ. ಹತ್ತನೇ ಓದಿದವನು, ದೊಡ್ಡ ಫೋನು ಇಟ್ಟುಕೊಂಡವನು. ಕೆಲಸ ಮುಗಿದ ಮೇಲೆ ನಮ್ಮ ಕಟ್ಟಿಯನ್ನು ಎಲ್ಲರಿಗೂ ಗಟ್ಟಿಯಾಗಿ ಓದಿ ಹೇಳುತ್ತಿದ್ದನಂತೆ. “ಮಕ್ಕಳು ಶಾಣ್ಯಾ ಆಗ್ಯಾರ” ಎಂದೆಲ್ಲ ಟಿಪ್ಪಣಿ ಹಾಕುತ್ತಿದ್ದದ್ದೂ ಅವನೇ. ಮರುದಿನ ಬೆಳಿಗ್ಗೆ ಬಸ್ಸಿನಲ್ಲಿ ಮೊಬೈಲು ತೆಗೆದರೆ ಕುಸುಬಿಯ ಬರಹದ ಕೆಳಗೆ ಅವನ ಟಿಪ್ಪಣಿ ಇತ್ತು: “ಟೀಚರ್, ಸುಜಾತಾನ ಅವ್ವ ಕೇಳ್ಲಿಕ್ಕತ್ತಾರ. ಅತ್ತಿ ಬಲಗೈಗಿ ಏನಾಗ್ಯಾದ?”

ನಾನು ಬರಹವನ್ನು ಮತ್ತೆ ಓದಿದೆ. ಬಲಗೈ ಸುಮ್ಮನ ಕುಂತದ. ಬೆಕ್ಕು ಓಡಿ ಬರ್ತಿತ್ತು. ‘ಬರ್ತದ’ ಅಲ್ಲ, ‘ಬರ್ತಿತ್ತು’. ಅಯ್ಯೋ ದೇವರೇ, ನಾವೆಲ್ಲ ಬೆಕ್ಕಿನ ಹಿಂದೆ ಹೋಗಿದ್ದೆವು! ಕಾಳಿನ ಹೆಸರು ಇಟ್ಟು ಮುಚ್ಚಿದ್ದೂ ಸುಳ್ಳಾಯಿತು. ಓದಲು ಬಾರದ ಆ ತಾಯಿಗೆ ಕುಸುಬಿ ಯಾರು ಎಂದು ಒಂದು ಸಾಲು ಕೇಳುವಷ್ಟರಲ್ಲಿ ಗೊತ್ತಾಗಿತ್ತು.

ಶಾಲೆ ಮುಟ್ಟಿದೊಡನೆ ಸುಜಾತಾಳನ್ನು ಕರೆದು ಕೇಳಿದೆ. ಆಯಿ ಟ್ಯಾಂಕರಿನ ನೀರಿಗೆ ಹೋದಾಗ ಜಾರಿ ಬಿದ್ದು ಮುಂಗೈ ಮುರಿದಿತ್ತು. ಡಾಬಕಾ ಕಡೆಯ ಎಲುಬು ಕೂಡಿಸುವವರ ಹತ್ತಿರ ಹೋಗಿ ಬಿದಿರಿನ ಪಟ್ಟಿ ಕಟ್ಟಿಸಿಕೊಂಡು ಬಂದಿದ್ದಳು. ಓಣಿಯವರಿಗೂ ಗೊತ್ತಾಗದ ಹಾಗೆ ಸೆರಗಿನೊಳಗೆ ಕೈ ಇಟ್ಟುಕೊಂಡು ಕೂರುತ್ತಿದ್ದಳು. ಅಂದಿನಿಂದ ರೊಟ್ಟಿ, ನೀರು, ಕಸ ಎಲ್ಲ ಈ ಹುಡುಗಿಯದೇ. ಇಷ್ಟಾಗಿಯೂ ಒಂದು ದಿನ ಶಾಲೆ ತಪ್ಪಿಸಿರಲಿಲ್ಲ.

“ಹೇಳಬ್ಯಾಡ ಅಂತ ಆಯಿ ಅಂದಿರಲಿಲ್ಲೇನ?” ಎಂದೆ.

“ಫೋನಿನ್ಯಾಗ ಹೇಳಬ್ಯಾಡ ಅಂದಿದ್ಳರಿ” ಎಂದಳು. “ನಾ ಫೋನಿನ್ಯಾಗ ಎಲ್ಲಿ ಹೇಳೀನ್ರಿ?”

ವಕೀಲರೂ ಇಷ್ಟು ಸಲೀಸಾಗಿ ಹೇಳಲಾರರು. ಹೆಡ್ ಮಾಸ್ತರರಿಗೆ ಹೇಳಿದರೆ, “ಅಳಿಸಿಬಿಡ್ರಿ ಟೀಚರ್, ಇಲ್ಲಂದ್ರ ಊರು ನಮ್ಮ ಮ್ಯಾಲ ಬರ್ತದ” ಎಂದರು. ಮಾಳಿಗೆ ಹತ್ತಿದೆ. ಬೆರಳು ಅಳಿಸುವ ಗುಂಡಿಯ ಮೇಲೆ ನಿಂತಿತು. ಗೋಡೆಯ ಮೇಲಿನ ಬರಹಕ್ಕಾದರೆ ಸುಣ್ಣ ಬಳಿಯಬಹುದು. ತಾಯಿಯ ಕಿವಿಗೆ ಬಿದ್ದದ್ದನ್ನು ಅಳಿಸುವ ಗುಂಡಿ ಯಾವ ಮೊಬೈಲಿನಲ್ಲಿದೆ? ಸುಮ್ಮನೆ ಇಳಿದು ಬಂದೆ.

ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ಶೇವಂತಾಬಾಯಿಯ ಮನೆಗೆ ಹೋದೆ. ಹೊರಸಿನ ಮೇಲೆ ಕುಳಿತಿದ್ದಳು. ಕೂರಿ ಎನ್ನಲಿಲ್ಲ, ನೀರು ಕೊಡಲಿಲ್ಲ. ನಮ್ಮ ಕಡೆ ವೈರಿಗೂ ಮೊದಲು ನೀರು ಕೊಡುತ್ತಾರೆ. ನಾನು ಬಾಗಿಲಲ್ಲೇ ನಿಂತು, “ಆರಾಮ ಇದ್ದೀರಿ ಆಯಿ?” ಎಂದುಬಿಟ್ಟೆ. ಈ ನನ್ನ ಬಾಯಿ!

“ಆರಾಮ ಇದ್ದೆರಿ, ನೀವು ಆ ನಿಮ್ಮ ಕಟ್ಟಿ ಹಾಕೋ ತನಕ” ಎಂದಳು. “ನನ್ನ ಮಗ ಅಲ್ಲಿ ಮ್ಯಾಲ ಹತ್ತಿ ಕೆಲ್ಸ ಮಾಡ್ತಾನ. ಅವನ ಮನಸು ಇಲ್ಲಿಗಿ ಬಂತಂದ್ರ ಕಾಲು ಅಲ್ಲಿ ಜಾರ್ತದ. ಅದಕ್ಕ ನಾವು ಹೇಳಲ್ಲ. ನಿಮಗ ಇದು ಗೊತ್ತಿಲ್ಲೇನ್ರಿ? ಇಷ್ಟು ಓದೀರಿ.”

ಇಷ್ಟು ವರ್ಷ ನಾನು ಆರಾಮವನ್ನು ಸೋಮಾರಿ ಮಾತು ಎಂದು ತಿಳಿದಿದ್ದೆ. ಅದರೊಳಗೆ ಇಂಥ ಕಾವಲು ಇದೆ ಎಂದು ಗೊತ್ತಿರಲಿಲ್ಲ. ಪಕ್ಕದ ಮನೆಯ ಖೈರುನ್ ಬೀ ಆ ಹೊತ್ತಿಗೆ ಒಳಗೆ ಬಂದಳು. ಸುದ್ದಿ ಅವಳಿಗೂ ಹೈದರಾಬಾದ್ ಸುತ್ತಿ ಬಂದೇ ಮುಟ್ಟಿತ್ತು. ಶೇವಂತಾಬಾಯಿಯ ಸೆರಗು ಎತ್ತಿ ಕೈ ನೋಡಿ ಸೊಂಟಕ್ಕೆ ಕೈ ಇಟ್ಟಳು. “ಕ್ಯಾ ಬಾಯಿ, ಹಮ್ ಮರ್ ಗಯೇ ಥೇ ಕ್ಯಾ?” ಎಂದಳು. ನಾವೇನು ಸತ್ತಿದ್ದೆವಾ ಎಂಬ ಆ ಮಾತಿಗೆ ಆಯಿಯ ಕಣ್ಣು ಮೊದಲ ಸಲ ಕೆಳಗೆ ಇಳಿದವು.

ಆದರೆ ನನ್ನ ಮೇಲಿನ ಸಿಟ್ಟು ಇಳಿಯಲಿಲ್ಲ. “ಮಗ ಸೊಸಿ ಹೊಂಟಾರಂತ. ಹುಡುಗಿಗಿ ಕರ್ಕೊಂಡು ಹೋಗ್ತಾರ. ಆಮ್ಯಾಲ ಆ ಕಟ್ಟಿ ಮ್ಯಾಲ ನೀವ ಒಬ್ರೇ ಕುಂದ್ರಿ” ಎಂದಳು. ಒಲೆಯ ಮುಂದೆ ಕುಳಿತಿದ್ದ ಸುಜಾತಾ ತಿರುಗಿ ನೋಡಿದಳು. ಅವ್ವ ಬರುತ್ತಾಳೆ ಎಂಬ ಸಂತೋಷ ಅವಳ ಮುಖದ ಮೇಲೆ ಇನ್ನೂ ಇತ್ತು. ಹುಡುಗಿಗೆ ಬೇಕಾಗಿದ್ದದ್ದು ಅವ್ವನಿಗೆ ಗೊತ್ತಾಗುವುದು, ಅಷ್ಟೇ. ಗೊತ್ತಾದ ಮೇಲೆ ಏನಾಗುತ್ತದೆ ಎಂದು ಅವಳೂ ಯೋಚಿಸಿರಲಿಲ್ಲ, ಅವಳ ಟೀಚರೂ ಯೋಚಿಸಿರಲಿಲ್ಲ.

ಭಾನುವಾರ ಬೀದರಿನ ಮನೆಯಲ್ಲಿ ನಾನು ಮಾಡಿದ ಸಾರಿಗೆ ಉಪ್ಪು ಎರಡು ಸಲ ಬಿತ್ತು. ಭಾಲ್ಕಿಯಿಂದ ನನ್ನ ತಾಯಿ ಫೋನು ಮಾಡಿ ಆರಾಮ ಏನವ್ವ ಎಂದರು. ಆರಾಮ ಎಂದೆ.

ಸೋಮವಾರ ಎರಡನೇ ಪೀರಿಯಡ್. ಬಸ್ಸು ನಿಲ್ಲುವುದು ಶಾಲೆಯ ಎದುರಿಗೇ. ಭಾಗಾಕಾರದ ನಡುವೆ ಬಸ್ಸಿನ ಸಪ್ಪಳ ಕೇಳಿ ನನ್ನ ಸುಣ್ಣದ ಕಡ್ಡಿ ಮುರಿಯಿತು. ಪದ್ಮಿನಿ ಮೊದಲು ಇಳಿದಳು. ಕೈ ಚಾಚಿ ಯಾರನ್ನೋ ಇಳಿಸಿಕೊಂಡಳು. ಮಾಣಿಕ ಒಂದು ಬಡಿಗೆ ಊರಿಕೊಂಡು ಇಳಿದ. ಅವನ ಎಡಗಾಲಿಗೆ ಮೊಣಕಾಲಿನ ತನಕ ಮಾಸಿದ ಪಟ್ಟಿ ಇತ್ತು. ಅದು ಮೊನ್ನೆ ಕಟ್ಟಿದ ಪಟ್ಟಿಯಲ್ಲ, ನೋಡಿದರೇ ತಿಳಿಯುತ್ತಿತ್ತು.

ಬಸ್ಸು ಬಂದದ್ದು ತಿಳಿದು ಶೇವಂತಾಬಾಯಿಯೂ ಖೈರುನ್ ಬೀಯ ಹೆಗಲು ಹಿಡಿದು ಬಂದಳು. ಶಾಲೆಯ ಪಡಸಾಲೆಯಲ್ಲಿ ಎಲ್ಲರೂ ಎದುರುಬದುರಾದರು. ಕಿಟಕಿಯ ಸರಳಿಗೆ ನನ್ನ ಐದನೇ ತರಗತಿ ಪೂರಾ ಜೋತುಬಿದ್ದಿತ್ತು. ಪದ್ಮಿನಿ ಅತ್ತೆಯ ಸೆರಗು ಸರಿಸಿ ಕೈ ನೋಡಿದಳು. ಶೇವಂತಾಬಾಯಿ ಮಗನ ಕಾಲು ನೋಡಿದಳು.

“ಇದು ಯಾವಾಗ ಆತೋ?” ಎಂದಳು.

“ದೀಪಾವಳಿ ಆದ ಮ್ಯಾಲ ಹೋದೆವಲ್ಲ, ಆ ವಾರದಾಗೇ” ಎಂದ ಮಾಣಿಕ, ನೆಲ ನೋಡುತ್ತಾ. “ಹಲಗಿ ಜಾರಿತ್ತು.”

“ಮತ್ತ ಫೋನಿನ್ಯಾಗ ಆರಾಮ ಅಂದಿ?”

“ನೀ ಏನಂದಿ?”

“ನಾ ಮುದುಕಿ ಇದ್ದೇನಿ, ನಾ ಅಂತೇನಿ! ನಿನಗೇನಾಗಿತ್ತು ಬಾಯಿಗಿ?”

“ನಿನ್ನ ಮಗ ಇದ್ದೇನಿ, ಮತ್ತೇನಾಗಬೇಕು?”

ಯಾರಿಗೂ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಮುದುಕಿ ಎಡಗೈಯಲ್ಲಿ ಮಗನ ಬೆನ್ನಿಗೆ ಒಂದು ಗುದ್ದಿ, ಅದೇ ಕೈಯಲ್ಲಿ ಕಣ್ಣೊರೆಸಿಕೊಂಡಳು. ಮಾಣಿಕ ನನ್ನ ಕಡೆ ತಿರುಗಿದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು. “ಟೀಚರ್, ಟಿ.ಸಿ. ಕೊಡ್ರಿ. ಹುಡುಗಿಗಿ, ಆಯಿಗಿ ಇಬ್ಬರಿಗೂ ಒಯ್ತೇವಿ. ಅಲ್ಲಿ ಪದ್ಮಿನಿ ಕೆಲ್ಸಕ್ಕ ಹೋಗ್ತಾಳ. ಇಕಿ ಮನ್ಯಾಗ ಇದ್ದು ನಮ್ಮಿಬ್ಬರಿಗೂ ನೋಡ್ತಾಳ.”

ಇಕಿ ಎಂದರೆ ಹತ್ತು ವರ್ಷದ ಸುಜಾತಾ. ಅವಳು ಬ್ಯಾಗು ಎದೆಗೆ ಅವಚಿಕೊಂಡು ಬಾಗಿಲಲ್ಲಿ ನಿಂತಿದ್ದಳು. ಮುಖದ ಮೇಲಿನ ಸಂತೋಷ ಹೋಗಿತ್ತು. ನಾನು ಪರೀಕ್ಷೆಯ ಮಾತು ಎತ್ತಿದೆ, ಮಧ್ಯಾಹ್ನದ ಊಟ ಇಲ್ಲೇ ಆಗುತ್ತದಲ್ಲ ಎಂದೆ, ಖೈರುನ್ ಬೀ ನೀರು ತರುತ್ತಾಳೆ ಎಂದೆ. ಏನೇನೋ ಹೇಳಿದೆ. “ಬರ್ಸಿದವರು ನೀವೇ, ಈಗ ನೀವೇ ಬ್ಯಾಡ ಅಂತೀರಿ” ಎಂದ ಮಾಣಿಕ. ಹೆಡ್ ಮಾಸ್ತರರು ಕಪಾಟಿನ ಕೀಲಿ ಹುಡುಕಲು ಒಳಗೆ ಹೋದರು. ಆ ಕೀಲಿ ಸಿಗದಿರಲಿ ಎಂದು ನಾನು ಗೊತ್ತಿರುವ ದೇವರಿಗೆಲ್ಲ ಬೇಡಿಕೊಂಡೆ.

ಆಗ ಪದ್ಮಿನಿ ಪಡಸಾಲೆಯ ಕಂಬಕ್ಕೆ ಒರಗಿ ಕುಳಿತಳು. ರಾತ್ರಿಯೇ ಹೊರಟು, ಬಸ್ಸು ಬದಲಿಸಿ ಬಂದವಳು.

“ಟಿ.ಸಿ. ಬ್ಯಾಡ್ರಿ” ಎಂದಳು.

“ಮತ್ತ?” ಎಂದ ಮಾಣಿಕ.

“ಅಕಿ ಬರದದ್ದು ಅಲ್ಲಿ ಓದ್ಲಿಕ್ಕತ್ತಾಗ ನಲವತ್ತು ಮಂದಿ ಸುಮ್ಮ ಕುಂತು ಕೇಳಿದ್ರು. ನಮ್ಮ ಮನ್ಯಾಗಿನ ಮಾತು ಇಷ್ಟು ಮಂದಿ ಯಾವಾಗ ಕೇಳಿದ್ರು ಹೇಳು? ಅಕಿ ಸಾಲಿಗೇ ಹೋಗಲಿ.” ಉಸಿರು ತೆಗೆದುಕೊಂಡಳು. “ನಿಮ್ಮವ್ವಗ ಕೈ ಇಲ್ಲ, ನಿನಗ ಕಾಲಿಲ್ಲ. ಇಬ್ಬರು ಕೂಡಿದ್ರ ಒಂದು ಪೂರಾ ಮನುಷ್ಯ ಆಗ್ತೀರಿ. ನೀ ಇಲ್ಲೇ ಇರು. ನಾ ಹೋಗಿ ದುಡೀತೇನಿ.”

“ರೊಟ್ಟಿ ಯಾರು ಬಡೀತಾರ?” ಎಂದಳು ಶೇವಂತಾಬಾಯಿ.

“ನಿಮ್ಮ ಮಗ. ಕಾಲು ಮುರದಾಗಿಂದ ಅಲ್ಲಿ ಅವನೇ ಬಡೀತಿದ್ದ. ನನಗಿಂತ ಛಲೋ ಬಡೀತಾನ.”

ಕಾಲು ಮುರಿದ ಸುದ್ದಿಯನ್ನು ತಡೆದುಕೊಂಡಿದ್ದ ಮುದುಕಿ ಈ ಸುದ್ದಿಗೆ ಧೊಪ್ಪನೆ ಕುಳಿತುಬಿಟ್ಟಳು. ಮಾಣಿಕನ ಕಿವಿ ಕೆಂಪಾದವು. ಮನೆಗೆ ತಿಳಿಸದೆ ಮುಚ್ಚಿಟ್ಟದ್ದರಲ್ಲಿ ಇದೇ ದೊಡ್ಡದೇನೋ ಎಂಬಂತೆ ಮುಖ ತಿರುಗಿಸಿಕೊಂಡ. ಖೈರುನ್ ಬೀ ಮೊದಲು ನಕ್ಕಳು, ಆಮೇಲೆ ಕಿಟಕಿಯಲ್ಲಿದ್ದ ಮಕ್ಕಳು, ಕೊನೆಗೆ ಶೇವಂತಾಬಾಯಿ. ಹೆಡ್ ಮಾಸ್ತರರು ಕೀಲಿ ಸಿಕ್ಕಿತು ಎಂದು ಹೊರಗೆ ಬಂದಾಗ ಸುಜಾತಾ ಬೆಂಚಿಗೆ ಮರಳಿ ಬ್ಯಾಗು ಬಿಚ್ಚುತ್ತಿದ್ದಳು.

ಎಲ್ಲ ಸರಿಹೋಯಿತು ಎಂದು ತಿಳಿಯಬೇಡಿ. ಪದ್ಮಿನಿ ಆ ವಾರವೇ ಒಬ್ಬಳೇ ಮರಳಿ ಹೋದಳು. ಅವಳ ಓಣಿಯ ಇನ್ನೊಂದು ಸಂಸಾರದ ಜೊತೆ ಇರುವುದೆಂದು ಆಯಿತು. ಕುಸುಬಿ ಬರೆದಳು: “ಅಪ್ಪ ರೊಟ್ಟಿ ಬಡೀತಾನ. ಬೆಕ್ಕು ಓಡಿ ಹೋಗಲ್ಲ, ಓಡಿ ಬರಲ್ಲ, ಹೊಸ್ತಿಲ ಮ್ಯಾಲ ಕುಂತು ನೋಡ್ತದ. ಅವ್ವ ಬಸ್ಸಿನ್ಯಾಗ ಕುಂತಾಗ ಕೈ ಮಾಡ್ಲಿಲ್ಲ. ಯಾಕ ಅಂದ್ರ ಕೈ ಮಾಡಿದ್ರ ಅಳು ಬರ್ತದಂತ.” ಈ ಸಲ ಪ್ರಶ್ನೆ ಕೇಳುವಾಗ ಯಾರೂ ಬೆಕ್ಕಿನ ಸುದ್ದಿ ಎತ್ತಲಿಲ್ಲ. ನಾನು ಒತ್ತಕ್ಷರ ತಿದ್ದದೆ ಏರಿಸಿದೆ.

ಮುಂದೊಂದು ದಿನ ಅವರ ಮನೆಗೆ ಹೋಗಿದ್ದೆ. ಈಗ ನೀರು ಕೊಡುತ್ತಿದ್ದರು, ಮಾಣಿಕನ ಕೈಯ ರೊಟ್ಟಿಯನ್ನೂ ಕೊಟ್ಟರು. ಪದ್ಮಿನಿಯ ಹೇಳಿಕೆಯಲ್ಲಿ ಉತ್ಪ್ರೇಕ್ಷೆ ಇರಲಿಲ್ಲ. ಅಷ್ಟರಲ್ಲಿ ಅವಳದೇ ಫೋನು ಬಂತು. ಸುಜಾತಾ ಫೋನನ್ನು ಎಲ್ಲರಿಗೂ ಕೇಳುವ ಹಾಗೆ ಹೊಸ್ತಿಲ ಮೇಲಿಟ್ಟಳು.

“ಆರಾಮ?”

“ಆರಾಮ.”

ಆ ಕಡೆಯಿಂದ ಪದ್ಮಿನಿ, “ಅದು ಫೋನಿಂದಾತು. ಬರದದ್ದು ಏನದ, ಅದು ಹೇಳು” ಎಂದಳು. ಸುಜಾತಾ ಎದ್ದು ಹೋಗಿ ಹಾಳೆ ತಂದು ಓದತೊಡಗಿದಳು. ಮಾಣಿಕ ಹಿಟ್ಟಿನ ಕೈಯಲ್ಲೇ ಕುಳಿತು ಕೇಳಿದ.

ಆ ಯುಗಾದಿಯ ಹೊತ್ತಿಗೆ ನನ್ನ ತರಗತಿಯ ಮತ್ತೊಂದು ಬೆಂಚು ಖಾಲಿಯಾಯಿತು. ಉದ್ದು, ಸಜ್ಜಿ ಎಂದು ಕಟ್ಟಿಗೆ ಬರೆಯುತ್ತಿದ್ದವರು ಅವಳಿ ಅಣ್ಣತಂಗಿ. ಒಂದು ಮಾತೂ ಹೇಳದೆ ಅವರ ಮನೆಯವರು ಹೋಗಿಬಿಟ್ಟಿದ್ದರು. ಅವತ್ತು ಹಾಜರಿ ಕರೆಯುವಾಗ ಆ ಎರಡು ಹೆಸರಿಗೆ ದನಿ ಬರಲಿಲ್ಲ. ಇನ್ನೊಂದು ಸಲ ಕರೆದೆ. ನನ್ನ ದನಿ ಏನಾಗಿತ್ತೋ, ಸುಜಾತಾ ಎದ್ದು ನಿಂತು, “ಟೀಚರ್, ಆರಾಮ ಇದ್ದೀರಿ?” ಎಂದಳು.

“ಆರಾಮವ್ವ, ಕುಂದ್ರು” ಎಂದೆ.

ಅವಳು ಕೂರಲಿಲ್ಲ. ಮುಂದೆ ಬಂದು, ಮೇಜಿನ ಮೇಲಿದ್ದ ಸುಣ್ಣದ ಕಡ್ಡಿಯನ್ನು ನನ್ನ ಕೈಗೆ ಕೊಟ್ಟಳು.

“ಹಂಗಲ್ರಿ. ಬರದು ತೋರಸ್ರಿ.”

ತರಗತಿ ನನ್ನನ್ನೇ ನೋಡುತ್ತಿತ್ತು. ಬೋರ್ಡಿನ ಮೇಲಂಚಿನಲ್ಲಿ ‘ಕಣ್ಣಿಲೆ ಕಂಡದ್ದು ಬರಿ’ ಎಂದು ನಾನೇ ಬರೆದದ್ದು ಇನ್ನೂ ಅಳಿಸಿರಲಿಲ್ಲ. ಅದರ ಕೆಳಗೆ ‘ಆ’ ಎಂದು ಬರೆದೆ. ಕೈ ಮುಂದೆ ಹೋಗಲಿಲ್ಲ. ಕೊನೆಗೆ ‘ಆ ಬೆಂಚು ಖಾಲಿ ಅದ’ ಎಂದು ಬರೆದು ಮುಗಿಸಿದೆ. ಮೆಚ್ಚುಗೆಗೆ ಯಾರೂ ಕೈ ಎತ್ತಲಿಲ್ಲ. ಸುಜಾತಾ ಹೋಗಿ ಆ ಬೆಂಚಿನ ತುದಿಯಲ್ಲಿ ಕುಳಿತಳು.